ಕುಂತಿ ಬೆಟ್ಟದ ಬಂಡೆ, ಹಿಮನದಿಯ ಬಂಡೆ

ಎಲ್ಲರಿಗೂ ನಮಸ್ಕಾರ. ಪಾಂಡವಪುರದ ಕುಂತಿ ಬೆಟ್ಟವನ್ನು ನೋಡದ ಮಂಡ್ಯದವರು ಕಮ್ಮಿ. ಒಂದರ ಮೇಲೊಂದು ಕೂತ ದುಂಡು ಬಂಡೆಗಳು. ಭೀಮ ಬಕಾಸುರನನ್ನು ಕೊಂದದ್ದು ಅಲ್ಲೇ ಅಂತ ಊರವರು ಹೇಳುತ್ತಾರೆ. ಭೂಗೋಳ ಓದುವ ಮಕ್ಕಳ ಪ್ರಶ್ನೆ ಬೇರೆ: ಈ ಬಂಡೆಗಳನ್ನು ಯಾವುದಾದರೂ ಹಿಮನದಿ ತಂದು ಹಾಕಿತಾ? ಇಲ್ಲ. ಆದರೆ ಯಾಕೆ ಇಲ್ಲ ಅಂತ ಹೇಳಬೇಕಾದರೆ ಹಿಮನದಿಯ ಕೆಲಸ ಹೇಗಿರುತ್ತದೆ ಅಂತ ಮೊದಲು ಗೊತ್ತಾಗಬೇಕು.

ಬೆಟ್ಟದ ಮೇಲೆ ಸುಮ್ನೆ ಹಿಮ ಬಿದ್ದರೆ ಹಿಮನದಿ ಆಗುವುದಿಲ್ಲ. ಚಳಿಗಾಲದಲ್ಲಿ ಬಿದ್ದದ್ದು ಬೇಸಿಗೆಯಲ್ಲಿ ಪೂರ್ತಿ ಕರಗದೆ ಸ್ವಲ್ಪ ಉಳಿಯಬೇಕು. ಮರುವರ್ಷ ಅದರ ಮೇಲೆ ಇನ್ನೊಂದು ಪದರ ಬೀಳುತ್ತದೆ. ಮೇಲಿನ ಭಾರಕ್ಕೆ ಕೆಳಗಿನ ಹಿಮ ಅಮುಕಿಕೊಂಡು ಕಾಳು ಕಾಳಾಗುತ್ತದೆ. ಆಮೇಲೆ ನಡುವಿನ ಗಾಳಿ ಹೊರಗೆ ಹೋಗಿ, ಉಳಿದದ್ದು ಗುಳ್ಳೆಗಳಾಗಿ ಸಿಕ್ಕಿಕೊಂಡು, ಎಲ್ಲಾ ಗಟ್ಟಿ ಮಂಜುಗಡ್ಡೆಯಾಗುತ್ತದೆ. ಒಂದು ಘನ ಮೀಟರ್ ಹೊಸ ಹಿಮ ಸುಮಾರು 100 ಕೆಜಿ ತೂಗಿದರೆ, ಅಷ್ಟೇ ಅಳತೆಯ ಈ ಮಂಜುಗಡ್ಡೆ ಸುಮಾರು 900 ಕೆಜಿ ತೂಗುತ್ತದೆ. ಕೆಲವು ಕಡೆ ಇದಕ್ಕೆ ಹತ್ತಿಪ್ಪತ್ತು ವರ್ಷ ಸಾಕು. ಅಂಟಾರ್ಕ್ಟಿಕಾದ ಒಳಭಾಗದಲ್ಲಿ ನೂರಾರು ವರ್ಷ ಬೇಕು, ಅದಕ್ಕಿಂತ ಜಾಸ್ತಿಯೂ ಆಗಬಹುದು.

ದಪ್ಪ ಹತ್ತಾರು ಮೀಟರ್ ದಾಟಿದ ಮೇಲೆ ತನ್ನ ಭಾರಕ್ಕೆ ತಾನೇ ಇಳಿಜಾರಿನ ಕಡೆ ಜರುಗಲು ಶುರು. ಒಳಗಿನ ಮಂಜು ಮುರಿಯದೆ ನಿಧಾನವಾಗಿ ಹರಿಯುತ್ತದೆ. ತಳದಲ್ಲಿ ಕರಗಿದ ನೀರಿದ್ದರೆ ಇಡೀ ಗಡ್ಡೆಯೇ ಜಾರುತ್ತದೆ. ಎಷ್ಟೋ ಹಿಮನದಿಗಳು ದಿನಕ್ಕೆ ಕೆಲವೇ ಸೆಂಟಿಮೀಟರ್ ಚಲಿಸುತ್ತವೆ. ಗ್ರೀನ್‌ಲ್ಯಾಂಡಿನ ಯಾಕೊಬ್ಸ್‌ಹಾವ್ನ್ 2012ರ ಬೇಸಿಗೆಯಲ್ಲಿ ದಿನಕ್ಕೆ 40 ಮೀಟರಿಗಿಂತ ಜಾಸ್ತಿ ಓಡಿತ್ತು!

ಬರೀ ಮಂಜು ಬಂಡೆಯನ್ನು ಅಷ್ಟಾಗಿ ಸವೆಸುವುದಿಲ್ಲ. ತಳದ ನೀರು ಬಂಡೆಯ ಬಿರುಕಿಗೆ ಇಳಿದು ಹೆಪ್ಪುಗಟ್ಟುತ್ತದೆ. ಹಿಮನದಿ ಮುಂದೆ ಹೋಗುವಾಗ ಆ ಚೂರುಗಳನ್ನು ಕಿತ್ತುಕೊಂಡೇ ಹೋಗುತ್ತದೆ. ತಳಕ್ಕೆ ಕಲ್ಲು ಕಚ್ಚಿಕೊಂಡ ಮಂಜು ಬಡಗಿಯ ಉಪ್ಪುಕಾಗದದ ಹಾಗೆ ಕಣಿವೆಯನ್ನು ಉಜ್ಜುತ್ತದೆ. ಬಂಡೆಯ ಮೇಲೆ ಸಾಲುಸಾಲು ಗೀರು ಉಳಿಯುತ್ತವೆ. ಗೋಮುಖದಲ್ಲಿ ಗಂಗೋತ್ರಿ ಹಿಮನದಿಯಿಂದ ಹೊರಬರುವ ಭಾಗೀರಥಿ ಬೂದು ಬಣ್ಣಕ್ಕಿರುವುದು ಹೀಗೆ ಅರೆದ ಕಲ್ಲಿನ ಪುಡಿಯಿಂದ.

ಬೆಟ್ಟದಲ್ಲಿ ನೀರಿನ ನದಿ ತಳವನ್ನಷ್ಟೇ ಕೊರೆಯುವುದರಿಂದ ಕಣಿವೆ ವಿ ಆಕಾರಕ್ಕೆ ಬರುತ್ತದೆ. ಹಿಮನದಿ ಪಕ್ಕಗಳನ್ನೂ ಕೆರೆದು ಅದನ್ನು ಅಗಲವಾದ ಯು ಮಾಡುತ್ತದೆ. ಪಕ್ಕದಿಂದ ಸೇರುವ ಚಿಕ್ಕ ಹಿಮನದಿ ಅಷ್ಟು ಆಳ ಕೊರೆಯಲಾರದು. ಮಂಜು ಹೋದ ಮೇಲೆ ಅದರ ಕಣಿವೆ ಎತ್ತರದಲ್ಲೇ ಉಳಿದು, ಬಾಯಿಂದ ನೀರು ಧುಮುಕುತ್ತದೆ. ಅಮೆರಿಕದ ಯೊಸೆಮಿಟಿಯ ಎಷ್ಟೋ ಜಲಪಾತಗಳು ಹುಟ್ಟಿದ್ದು ಹೀಗೇ. ನಮ್ಮ ಗಗನಚುಕ್ಕಿ, ಭರಚುಕ್ಕಿಗಳಿಗೂ ಮಂಜಿಗೂ ಸಂಬಂಧ ಇಲ್ಲ, ಕೇಳುವವರಿದ್ದಾರೆ ಅಂತ ಹೇಳಿದೆ.

ಈಗ ಬಂಡೆಗಳಿಗೆ ಬರೋಣ. ನೀರು ಹೊತ್ತದ್ದನ್ನು ವಿಂಗಡಿಸುತ್ತದೆ. ಕಲ್ಲು ಒಂದು ಕಡೆ, ಮರಳು ಇನ್ನೊಂದು ಕಡೆ, ಮಣ್ಣು ಮತ್ತೊಂದು ಕಡೆ. ಹಿಮನದಿಗೆ ಆ ತಾಳ್ಮೆ ಇಲ್ಲ. ಕರಗಿದ ಕಡೆ ಮನೆಯಷ್ಟು ದೊಡ್ಡ ಬಂಡೆ, ಜಲ್ಲಿ, ಜೇಡಿ ಎಲ್ಲಾ ಒಟ್ಟಿಗೆ ಸುರಿಯುತ್ತದೆ. ಈ ರಾಶಿಗೆ ಮೊರೇನ್ ಅನ್ನುತ್ತಾರೆ. ದೂರದಿಂದ ಬಂದ ಬಂಡೆಯ ಜಾತಿಗೂ ಕೆಳಗಿನ ನೆಲದ ಕಲ್ಲಿಗೂ ಎಷ್ಟೋ ಸಲ ಹೊಂದುವುದೇ ಇಲ್ಲ. ಕುಂತಿ ಬೆಟ್ಟದಲ್ಲಿ ಹಾಗಿಲ್ಲ, ಅಡಿಯ ಕಲ್ಲೂ ಮೇಲಿನ ಬಂಡೆಯೂ ಒಂದೇ. ಬಿರುಕುಗಳಲ್ಲಿ ನೀರು ಇಳಿದು, ಮೂಲೆಗಳು ಬೇಗ ಶಿಥಿಲವಾಗಿ, ದುಂಡು ತಿರುಳು ಇದ್ದಲ್ಲೇ ಉಳಿಯಿತು. ಸುತ್ತಲಿನ ಸಡಿಲ ಮಣ್ಣು ಮಳೆಗೆ ಕೊಚ್ಚಿಹೋಯಿತು, ಅಷ್ಟೇ.

ಹಾಗಂತ ಹಿಮಾಲಯ ಬಿಟ್ಟರೆ ಭಾರತದಲ್ಲಿ ಎಲ್ಲೂ ಹಿಮನದಿ ಇರಲಿಲ್ಲ ಅಂದುಕೊಳ್ಳಬೇಡಿ. ಒಡಿಶಾದ ತಾಲ್ಚೇರ್‌ನಲ್ಲಿ ನುಣುಪು ಮಣ್ಣಿನ ಪದರದೊಳಗೆ ದೊಡ್ಡ ದೊಡ್ಡ ಬಂಡೆಗಳು ಹುದುಗಿವೆ. ಇದು ಮಂಜಿನ ಕೆಲಸ ಅಂತ 1856ರಲ್ಲಿ ಬ್ಲಾನ್‌ಫೋರ್ಡ್ ಸೋದರರು ಹೇಳಿದರು. ಒಡಿಶಾದ ಬಿಸಿಲಲ್ಲಿ ಹಿಮನದಿ ಅಂದರೆ ಯಾರು ನಂಬಬೇಕು? ಆದರೆ ಅದು ಸುಮಾರು 30 ಕೋಟಿ ವರ್ಷ ಹಿಂದಿನ ಮಾತು. ಆಗ ನಮ್ಮ ನೆಲ ಆಫ್ರಿಕಾ, ಅಂಟಾರ್ಕ್ಟಿಕಾಗಳ ಜೊತೆ ಗೊಂಡ್ವಾನಾ ಖಂಡದಲ್ಲಿ, ಭೂಮಿಯ ದಕ್ಷಿಣ ತುದಿಯ ಕಡೆಗಿತ್ತು.

ಮೊರೇನ್‌ನಲ್ಲಿ ಒಂದು ಅಪಾಯವೂ ಇದೆ, ಅಣೆಕಟ್ಟಿನ ನೀರು ಉಣ್ಣುವ ನಮಗೆ ಇದು ಬೇಗ ಅರ್ಥವಾಗುತ್ತದೆ. ಹಿಮನದಿ ಹಿಂದೆ ಸರಿದಾಗ ಆ ರಾಶಿಯ ಹಿಂದೆ ಕರಗಿದ ನೀರು ನಿಂತು ಕೆರೆಯಾಗುತ್ತದೆ. ಕನ್ನಂಬಾಡಿ ಕಟ್ಟೆಯಲ್ಲಿ ನೀರು 124.80 ಅಡಿ ಮುಟ್ಟುವ ಹೊತ್ತಿಗೆ ಗೇಟು ಎತ್ತುತ್ತಾರೆ, ಅಲ್ವಾ? ಅಲ್ಲಿ ಗೇಟೂ ಇಲ್ಲ, ಗಾರೆಯೂ ಇಲ್ಲ, ಬರೀ ಸಡಿಲ ಕಲ್ಲು ಮಣ್ಣು. 2013ರ ಜೂನ್‌ನಲ್ಲಿ ಕೇದಾರನಾಥದ ಮೇಲಿನ ಚೋರಾಬಾರಿ ಕೆರೆ ಜೋರು ಮಳೆಗೆ ಹೀಗೇ ಒಡೆಯಿತು. ಸಿಕ್ಕಿಂನ ದಕ್ಷಿಣ ಲೋನಾಕ್ ಕೆರೆಯಿಂದ 2016ರಲ್ಲಿ ಪೈಪು ಹಾಕಿ ನೀರು ಇಳಿಸಿ ನೋಡಿದ್ದರು. 2023ರ ಅಕ್ಟೋಬರ್‌ನಲ್ಲಿ ಪಕ್ಕದ ಮೊರೇನ್ ಕುಸಿದು ಆ ಕೆರೆಗೆ ಬಿತ್ತು. ಎದ್ದ ಅಲೆಗೆ ಕಟ್ಟೆ ಒಡೆದು, ಕೆಳಗಿನ ಚುಂಗ್‌ಥಾಂಗ್‌ನ ಜಲವಿದ್ಯುತ್ ಅಣೆಕಟ್ಟೇ ಕೊಚ್ಚಿಹೋಯಿತು. ಪೈಪು ಯಾಕೆ ಸಾಲಲಿಲ್ಲ ಅನ್ನುವುದರಿಂದಲೇ ಪ್ರಶ್ನೆಗಳನ್ನು ಶುರು ಮಾಡಬಹುದು. ಕೇಳಿ.