ಮುಂದಿನ ಗಾಜಿನ ಅಗಲ: ಟೆಲಿಫೋಟೋ ಲೆನ್ಸ್‌ನ ತೂಕ ಎಲ್ಲಿಂದ ಬರುತ್ತದೆ?

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಎರಡು ಲೆನ್ಸ್ ಇಟ್ಟಿದ್ದೇನೆ. ಎರಡರ ಫೋಕಲ್ ಲೆಂತ್, ಅಂದರೆ ದೂರದ್ದನ್ನು ಎಷ್ಟು ದೊಡ್ಡದಾಗಿ ತೋರಿಸುತ್ತದೆ ಅನ್ನುವ ಅಳತೆ, 600 ಮಿ.ಮೀ. ಇದೆ. ದೂರದ ಕೊಂಬೆಯ ಮೇಲೆ ಕೂತ ಹಕ್ಕಿ ಎರಡರಲ್ಲೂ ಒಂದೇ ಗಾತ್ರಕ್ಕೆ ಕಾಣುತ್ತದೆ. ಆದರೆ ಒಂದು ಮೂರು ಕೆ.ಜಿ.ಗಿಂತ ಜಾಸ್ತಿ ತೂಗುತ್ತದೆ. ಇನ್ನೊಂದು ಒಂದೂವರೆ ಕೆ.ಜಿ. ಕೂಡ ಇಲ್ಲ. ಬೆಲೆಯಲ್ಲಿ ಸುಮಾರು ಮೂರು ಪಟ್ಟು ವ್ಯತ್ಯಾಸ. ಇದಕ್ಕೆಲ್ಲ ಕಾರಣ ಮೈಮೇಲೆ ಬರೆದಿರುವ ಒಂದು ಸಣ್ಣ ಅಂಕಿ. ದೊಡ್ಡದರ ಮೇಲೆ ಎಫ್/4 ಅಂತ ಇದೆ, ಚಿಕ್ಕದರ ಮೇಲೆ ಎಫ್/6.3.

ಲೆಕ್ಕ ಸುಲಭ. ಫೋಕಲ್ ಲೆಂತನ್ನು ಎಫ್ ಸಂಖ್ಯೆಯಿಂದ ಭಾಗಿಸಿ. 600ನ್ನು 4ರಿಂದ ಭಾಗಿಸಿದರೆ 150. ಅಂದರೆ ಮುಂದಿನ ಗಾಜು ಕಡಿಮೆಯೆಂದರೂ 150 ಮಿ.ಮೀ. ಅಗಲ ಇರಲೇಬೇಕು. 6.3ರಿಂದ ಭಾಗಿಸಿದರೆ 95 ಮಿ.ಮೀ. ಸಾಕು. ಎಷ್ಟೇ ಜಾಣ ಎಂಜಿನಿಯರ್ ಆದರೂ ಈ ಭಾಗಾಕಾರವನ್ನು ದಾಟಲು ಆಗುವುದಿಲ್ಲ.

ಈಗ ತೂಕಕ್ಕೆ ಬರೋಣ. ಗಾಜಿನ ಅಗಲವನ್ನು ಎರಡರಷ್ಟು ಮಾಡಿ, ಆಕಾರ ಹಾಗೇ ಇರಲಿ ಅಂದರೆ, ದಪ್ಪವೂ ಎರಡರಷ್ಟಾಗುತ್ತದೆ. ತೂಕ ಎಂಟು ಪಟ್ಟು ಆಗುತ್ತದೆ. 95ರಿಂದ 150ಕ್ಕೆ ಹೋದರೆ ಆ ಗಾಜೊಂದರ ತೂಕ ಹೆಚ್ಚುಕಡಿಮೆ ನಾಲ್ಕು ಪಟ್ಟು. ಒಳಗೆ ಬರುವ ಬೆಳಕು ಮಾತ್ರ ಎರಡೂವರೆ ಪಟ್ಟು. ಬೆಳಕು ಅಗಲದ ವರ್ಗದಂತೆ ಏರುತ್ತದೆ, ಗಾಜಿನ ತೂಕ ಘನದಂತೆ ಏರುತ್ತದೆ. ಇಡೀ ಲೆನ್ಸ್ ತೂಗಿದಾಗ ವ್ಯತ್ಯಾಸ ಅಷ್ಟು ಇರುವುದಿಲ್ಲ, ಏಕೆಂದರೆ ಕೊಳವೆ, ಮೋಟಾರು, ಹಿಂದಿನ ಸಣ್ಣ ಗಾಜುಗಳು ಎಲ್ಲ ಸೇರುತ್ತವೆ. ಆದರೂ ಒಂದೊಂದು ಸ್ಟಾಪ್ (ಅಂದರೆ ಎರಡರಷ್ಟು) ಬೆಳಕಿಗೂ ನಾವು ಬೆನ್ನಿನ ಮೇಲೆ ಜಾಸ್ತಿಯೇ ಹೊರುತ್ತೇವೆ.

ಬೆಲೆಯೂ ಹೀಗೇ ಏರುತ್ತದೆ. ದೊಡ್ಡ ಗಾಜಿನ ಬಿಲ್ಲೆಯನ್ನು ತುಂಬ ನಿಧಾನವಾಗಿ ತಣ್ಣಗಾಗಿಸಬೇಕು. ಅವಸರ ಮಾಡಿದರೆ ಒಳಗೆ ಬಿಗಿತ ಉಳಿದುಬಿಡುತ್ತದೆ, ಬೆಳಕು ಹಾದಿ ತಪ್ಪುತ್ತದೆ. ಬಿಲ್ಲೆ ದೊಡ್ಡದಾದಷ್ಟೂ ಅದರಲ್ಲಿ ಎಲ್ಲೋ ಒಂದು ದೋಷ ಸಿಗುವ ಸಾಧ್ಯತೆ ಜಾಸ್ತಿ. ದೋಷ ಸಿಕ್ಕರೆ ಇಡೀ ತುಂಡು ಬದಿಗೆ. ಇಷ್ಟೆಲ್ಲ ಮಾಡಿ ಮಾರುವುದು ಕೆಲವೇ ಲೆನ್ಸ್‌ಗಳನ್ನು, ಅಲ್ವಾ? ಖರ್ಚನ್ನು ಆ ಕೆಲವರೇ ಹಂಚಿಕೊಳ್ಳಬೇಕು.

ಟೆಲಿಫೋಟೋ ಅನ್ನುವ ಪದದ ಬಗ್ಗೆ ಒಂದು ಮಾತು. ದೂರದ್ದನ್ನು ಹತ್ತಿರ ತೋರಿಸುವ ಲೆನ್ಸಿಗೆಲ್ಲ ನಾವು ಹಾಗೆ ಹೇಳುತ್ತೇವೆ. ನಿಜವಾಗಿ ಅದು ಒಂದು ವಿನ್ಯಾಸದ ಹೆಸರು. ಮುಂದೆ ಬೆಳಕನ್ನು ಕೂಡಿಸುವ ಗಾಜುಗಳು, ಹಿಂದೆ ಅದನ್ನು ಸ್ವಲ್ಪ ಹರಡುವ ಗಾಜುಗಳು. ಹೀಗೆ ಮಾಡಿದರೆ ಲೆನ್ಸ್‌ನ ಉದ್ದ ಅದರ ಫೋಕಲ್ ಲೆಂತ್‌ಗಿಂತ ಕಡಿಮೆಯಾಗುತ್ತದೆ. ಇವತ್ತಿನ 600 ಎಫ್/4 ಲೆನ್ಸ್‌ಗಳು ಸುಮಾರು 45 ಸೆಂ.ಮೀ. ಇರುವುದು ಇದರಿಂದಲೇ. ಇನ್ನೂ ಗಿಡ್ಡ ಮಾಡಬಹುದು. ಆದರೆ ಆಗ ಪ್ರತಿ ಗುಂಪೂ ಬೆಳಕನ್ನು ಇನ್ನಷ್ಟು ಜೋರಾಗಿ ಬಗ್ಗಿಸಬೇಕು. ಸಣ್ಣ ತಪ್ಪೂ ದೊಡ್ಡದಾಗಿ ಕಾಣುತ್ತದೆ. ತಿದ್ದಲು ಮತ್ತೆರಡು ಗಾಜು ಬೇಕಾಗುತ್ತದೆ.

ಉದ್ದದ ಲೆನ್ಸ್‌ಗಳ ಹಳೆಯ ಶತ್ರು ಬಣ್ಣ. ಗಾಜು ಕೆಂಪು, ಹಸಿರು, ನೀಲಿ ಬೆಳಕನ್ನು ಒಂದೇ ಜಾಗದಲ್ಲಿ ಸೇರಿಸುವುದಿಲ್ಲ. ಫೋಕಲ್ ಲೆಂತ್ ಜಾಸ್ತಿಯಾದಷ್ಟೂ ಈ ಅಂತರವೂ ಜಾಸ್ತಿ. ರೆಕ್ಕೆಯ ಅಂಚಿನಲ್ಲಿ ನೇರಳೆ ಗೆರೆ ಕಂಡಿದ್ದರೆ ಅದು ಇದೇ. ಇದಕ್ಕೆ ಒಳ್ಳೆಯ ಮದ್ದು ಫ್ಲೋರೈಟ್ ಹರಳು. 1969ರಲ್ಲಿ ಕ್ಯಾನನ್ ತನ್ನ 300 ಮಿ.ಮೀ. ಎಫ್/5.6 ಲೆನ್ಸ್‌ನಲ್ಲಿ ಕೃತಕವಾಗಿ ಬೆಳೆಸಿದ ಫ್ಲೋರೈಟ್ ಬಳಸಿತು. ಬಣ್ಣಗಳನ್ನು ಕಡಿಮೆ ಚದುರಿಸುವ ‘ಇಡಿ’ ಅನ್ನುವ ವಿಶೇಷ ಗಾಜಿಗಿಂತಲೂ ಇದು ಹಗುರ. ಆದರೆ ನಿಧಾನವಾಗಿ ಬೆಳೆಸಬೇಕು, ಬೇಗ ಗೀರು ಬೀಳುತ್ತದೆ, ಬಿಸಿಗೆ ಹಿಗ್ಗುತ್ತದೆ. ದೊಡ್ಡ ಲೆನ್ಸ್‌ಗಳಿಗೆ ಬಿಳಿ ಬಣ್ಣ ಬಳಿಯುವುದು ಬಿಸಿಲಿನ ಕಾವು ತಡೆಯಲು.

ಹಾಗಾದರೆ ತೂಕ ಇಳಿಸುವುದು ಹೇಗೆ? ನನಗೆ ತುಂಬ ಇಷ್ಟವಾದ ಉಪಾಯ ಹೇಳುತ್ತೇನೆ. ಕ್ಯಾನನ್‌ನ 600 ಎಫ್/4 ಲೆನ್ಸ್ 1999ರಲ್ಲಿ 5360 ಗ್ರಾಂ ಇತ್ತು. ಎರಡನೆಯ ಆವೃತ್ತಿ 3920 ಗ್ರಾಂ. 2018ರ ಮೂರನೆಯ ಆವೃತ್ತಿ 3050 ಗ್ರಾಂ. ಅದೇ ಫೋಕಲ್ ಲೆಂತ್, ಅದೇ ಬೆಳಕು, ಎರಡು ಕೆ.ಜಿ.ಗೂ ಮೀರಿ ಇಳಿಕೆ! ಲೋಹದ ಭಾಗಗಳು ಹಗುರವಾದದ್ದು ಒಂದು ಕಾರಣ. ದೊಡ್ಡ ಕಾರಣ ಬೇರೆ. ಮುಂದಿನ ಗಾಜು ದಾಟಿದ ಬೆಳಕು ಲಾಳಿಕೆಯಂತೆ ಕಿರಿದಾಗುತ್ತಾ ಹೋಗುತ್ತದೆ. ಮೊದಲೆಲ್ಲ ಆ ಗಾಜಿನ ಬೆನ್ನಿಗೇ ಇನ್ನೆರಡು ದೊಡ್ಡ ಗಾಜು ಇರುತ್ತಿದ್ದವು. ಅವನ್ನು ಹಿಂದಕ್ಕೆ, ಲಾಳಿಕೆ ಕಿರಿದಾದ ಜಾಗಕ್ಕೆ ತಳ್ಳಿದರು. ಅಲ್ಲಿ ಸಣ್ಣ ಗಾಜು ಸಾಕು. ಭಾರ ಕ್ಯಾಮೆರಾ ಕಡೆಗೆ ಸರಿದದ್ದರಿಂದ ಕೈಯಲ್ಲಿ ಹಿಡಿಯುವುದೂ ಸುಲಭವಾಯಿತು. ಮುಂದೆ ಭಾರವಿರುವ ಲೆನ್ಸ್ ಎಡ ಮಣಿಕಟ್ಟನ್ನು ಹೇಗೆ ಸೋಲಿಸುತ್ತದೆ ಅನ್ನುವುದು ಹೊತ್ತವರಿಗೆ ಗೊತ್ತು. ನಾನಂತೂ ಕೈ ಸೋತು ಲೆನ್ಸ್ ಕೆಳಗಿಳಿಸಿದ ಕ್ಷಣದಲ್ಲೇ ಕಾದಿದ್ದ ಹಕ್ಕಿ ಹಾರಿದ್ದನ್ನು ನೋಡಿದ್ದೇನೆ.

ಇನ್ನೊಂದು ದಾರಿ, ಗಾಜಿನ ಮೇಲೆ ಉಂಗುರದಂಥ ಅತಿ ಸೂಕ್ಷ್ಮ ಮೆಟ್ಟಿಲುಗಳನ್ನು ಮೂಡಿಸುವುದು. ಈ ಮೆಟ್ಟಿಲುಗಳು ಬಣ್ಣಗಳನ್ನು ಮಾಮೂಲಿ ಗಾಜಿಗೆ ತದ್ವಿರುದ್ಧವಾಗಿ ಹರಡುತ್ತವೆ. ಎರಡೂ ಒಂದನ್ನೊಂದು ಸರಿದೂಗಿಸುತ್ತವೆ. ಹಾಗಾಗಿ ಗಾಜು ಕಡಿಮೆ ಸಾಕು, ಉದ್ದವೂ ಕಡಿಮೆ. ಕ್ಯಾನನ್ 2001ರಲ್ಲಿ ಡಿಒ ಹೆಸರಿನಲ್ಲಿ 400 ಎಫ್/4 ತಂದಿತು. ನಿಕಾನ್ ಇದನ್ನು ಪಿಎಫ್ ಅನ್ನುತ್ತದೆ. 2015ರ ಅದರ 300 ಎಫ್/4 ಪಿಎಫ್ 755 ಗ್ರಾಂ, ಅದಕ್ಕೂ ಹಿಂದಿನ 300 ಎಫ್/4 1440 ಗ್ರಾಂ. ಇದಕ್ಕೂ ಒಂದು ಬೆಲೆ ಇದೆ. ಚೌಕಟ್ಟಿನಲ್ಲಿ ಸೂರ್ಯನೋ ಬೀದಿದೀಪವೋ ಇದ್ದರೆ ಅದರ ಸುತ್ತ ಬಣ್ಣದ ಉಂಗುರ ಕಾಣಬಹುದು. ಹಗಲಿನಲ್ಲಿ ಬೆನ್ನಿಗೆ ಬೆಳಕು ಇಟ್ಟುಕೊಂಡು ತೆಗೆಯುವವರಿಗೆ ಇದು ಅಡ್ಡಿಯೇ ಅಲ್ಲ.

ಒಳಗೆ ಕನ್ನಡಿಗಳಿಂದ ಬೆಳಕನ್ನು ಮಡಿಸುವ ಕನ್ನಡಿ ಲೆನ್ಸ್ ಕೂಡ ಇದೆ. 500 ಎಫ್/8ನಂಥವು ಗಿಡ್ಡ, ಹಗುರ, ಅಗ್ಗ. ಆದರೆ ಹಿನ್ನೆಲೆಯ ಬೆಳಕಿನ ಚುಕ್ಕೆಗಳೆಲ್ಲ ಬಳೆಗಳಾಗುತ್ತವೆ. ಅಪರ್ಚರ್, ಅಂದರೆ ಬೆಳಕು ಬರುವ ಕಿಂಡಿಯ ಅಗಲ, ಬದಲಿಸಲು ಬರುವುದಿಲ್ಲ. ನಾನು ಯಾರಿಗೂ ಮೊದಲ ಲೆನ್ಸ್ ಆಗಿ ಹೇಳುವುದಿಲ್ಲ.

ಕೊನೆಯ ದಾರಿ ಬೆಳಕನ್ನೇ ಬಿಟ್ಟುಕೊಡುವುದು. 2020ರಲ್ಲಿ ಕ್ಯಾನನ್ 600 ಎಫ್/11 ಮತ್ತು 800 ಎಫ್/11 ತಂದಿತು. ಮೊದಲನೆಯದು 930 ಗ್ರಾಂ, ಎರಡನೆಯದು 1260 ಗ್ರಾಂ. ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಕಾಲದಲ್ಲಿ ಇಂಥ ಲೆನ್ಸ್ ತಂದಿದ್ದರೆ ಉಪಯೋಗವಿರಲಿಲ್ಲ, ಏಕೆಂದರೆ ಎಫ್/8 ದಾಟಿದರೆ ಅವುಗಳ ಆಟೋಫೋಕಸ್ ಕೈಕೊಡುತ್ತಿತ್ತು. ಮಿರರ್‌ಲೆಸ್ ಕ್ಯಾಮೆರಾ ಸೆನ್ಸರ್‌ನಿಂದಲೇ ಫೋಕಸ್ ಮಾಡುವುದರಿಂದ ಇದು ಸಾಧ್ಯವಾಯಿತು. ಆದರೆ ಎಫ್/4ಕ್ಕೆ ಹೋಲಿಸಿದರೆ ಸುಮಾರು ಮೂರು ಸ್ಟಾಪ್ ನಷ್ಟ. ಅಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಅನ್ನುವ ಅಂಕಿ) 800 ಸಾಕಾಗುವ ಬೆಳಕಿನಲ್ಲಿ ಇಲ್ಲಿ 6400 ಬೇಕು. ಮೋಡ ಕವಿದ ಸಂಜೆ ಕಾಡಿನೊಳಗೆ ಅದು ಕಷ್ಟವೇ. ಬಯಲಿನ ಬಿಸಿಲಿನಲ್ಲಿ ಧಾರಾಳವಾಗಿ ಸಾಕು.

ಆದ್ದರಿಂದ ಯಾರಾದರೂ ಯಾವ ಲೆನ್ಸ್ ಕೊಳ್ಳಲಿ ಅಂತ ಕೇಳಿದರೆ ನಾನು ಮೊದಲು ದಿನದ ಯಾವ ಹೊತ್ತಿನಲ್ಲಿ ಫೋಟೋ ತೆಗೆಯುತ್ತೀರಿ ಅಂತ ಕೇಳುತ್ತೇನೆ. ಬೆಳಗಿನ ಜಾವ ಒಂದೇ ಕಡೆ ಟ್ರೈಪಾಡ್ ಹಾಕಿ ಕೂರುವವರಿಗೆ ಎಫ್/4ರ ಭಾರ ಸಾರ್ಥಕ. ಬಿಸಿಲೇರಿದ ಮೇಲೆ ದಿನವಿಡೀ ನಡೆಯುವವರಿಗೆ ಎಫ್/6.3 ಸಾಕು, ಅದರಲ್ಲಿ ನನಗೆ ಅನುಮಾನವೇ ಇಲ್ಲ.

ಈಗ ಒಬ್ಬೊಬ್ಬರಾಗಿ ಮೇಜಿನ ಹತ್ತಿರ ಬನ್ನಿ. ಎರಡನ್ನೂ ಕ್ಯಾಮೆರಾಗೆ ಹಾಕಿ ಎತ್ತಿ ನೋಡಿ. ಸುಮ್ನೆ ಎತ್ತಿ ಇಟ್ಟುಬಿಡಬೇಡಿ, ಎರಡು ನಿಮಿಷ ಕಣ್ಣಿಗೆ ಹಿಡಿದು ಕಿಟಕಿಯಾಚೆಯ ಮರ ನೋಡಿ. ತೂಕ ಎಡಗೈಯ ಮುಂದೆ ಬೀಳುತ್ತಿದೆಯೋ, ಹಿಂದೆ ಬೀಳುತ್ತಿದೆಯೋ ಗಮನಿಸಿ. ಪ್ರಶ್ನೆಗಳನ್ನು ಆಮೇಲೆ ಕೇಳಿ.