ಮಾಚಾ ಕಹಿ ಅಲ್ಲ, ನಿಮ್ಮ ಕೆಟಲ್‌ದೇ ತಪ್ಪು

ನಮಸ್ಕಾರ. ಮಾಚಾ ಅಂದ್ರೆ ಜಪಾನಿನ ಹಸಿರು ಟೀ ಎಲೆಯ ನುಣ್ಣನೆ ಪುಡಿ, ನೀರಲ್ಲಿ ಕಡೆದು ಕುಡಿಯೋದು. ಕಳೆದ ವಿಡಿಯೋ ಕೆಳಗೆ ಒಬ್ಬರು ಕಾಮೆಂಟ್ ಹಾಕಿದ್ದಾರೆ: "ಮಾಚಾ ಅಂದ್ರೆ ಹುಲ್ಲು, ಬೇವಿನ ಸೊಪ್ಪು ಸೇರಿಸಿ ಅರೆದ ಹಾಗಿದೆ, ದುಡ್ಡು ದಂಡ." ಅದಕ್ಕೆ ಲೈಕ್ ಬೇರೆ! ಸ್ವಾಮಿ, ನೀರು ಎಷ್ಟು ಬಿಸಿ ಇತ್ತು? ಅದೊಂದು ಬರೆದಿಲ್ಲ. ಕೆಟಲ್ ಟಕ್ ಅಂದ ತಕ್ಷಣ ಸುರಿದಿರ್ತೀರಿ.

ಕುದಿಯೋ ನೀರು ಹಾಕಬೇಡಿ. ಇವತ್ತಿನ ಎಪಿಸೋಡ್ ಇಷ್ಟೇ.

ಅಂದಹಾಗೆ, ಜಪಾನಿನವರು ಇದನ್ನ 'ಮಚ್ಚಾ' ಅಂತಾರೆ, ಒತ್ತಕ್ಷರ ಇದೆ. ಬೆಂಗಳೂರಿನ ಹುಡುಗರು ಗೊತ್ತಿಲ್ಲದೇನೇ ಸರಿಯಾಗಿ ಕರೀತಿದ್ದಾರೆ. ಇರಲಿ ಮಚ್ಚಾ, ವಿಷಯಕ್ಕೆ ಬರೋಣ.

ಕ್ಯೋಟೋ ಪಕ್ಕದ ಉಜಿಯಲ್ಲಿ ಕೊಯ್ಲಿಗೆ 20-30 ದಿನ ಮುಂಚೆ ಟೀ ತೋಟಕ್ಕೆ ಚಪ್ಪರ ಹಾಕಿ ಬಿಸಿಲು ತಡೀತಾರೆ. ಹಳೇ ಪದ್ಧತಿಯಲ್ಲಿ ಜೊಂಡಿನ ಚಾಪೆ, ಅದರ ಮೇಲೆ ಭತ್ತದ ಹುಲ್ಲು. ಈಗ ಹೆಚ್ಚಾಗಿ ಕಪ್ಪು ಬಟ್ಟೆ. ಬಿಸಿಲು ಬಿದ್ದರೆ ಎಲೆಯಲ್ಲಿರೋ ಥಿಯನೈನ್ ಅನ್ನೋ ಸಿಹಿ ರುಚಿಯ ಅಂಶ ಒಗರಿನ ಕ್ಯಾಟೆಚಿನ್ ಆಗಿಬಿಡುತ್ತೆ. ನೆರಳಲ್ಲಿ ಥಿಯನೈನ್ ಉಳಿಯುತ್ತೆ, ಮಾಚಾದ ಸಿಹಿ ಅದರದ್ದು. ಕಿತ್ತ ಎಲೆಗೆ 15-20 ಸೆಕೆಂಡು ಹಬೆ ಕೊಟ್ಟು, ಹೊಸೆಯದೆ ಒಣಗಿಸಿ, ಕಡ್ಡಿ-ನರ ತೆಗೀತಾರೆ. ಉಳಿದದ್ದಕ್ಕೆ ತೆಂಚಾ ಅಂತ ಹೆಸರು. ಅದನ್ನ ಗ್ರಾನೈಟ್ ಬೀಸೋ ಕಲ್ಲಿಗೆ ಹಾಕಿದ್ರೆ ಗಂಟೆಗೆ ಬರೋದು ಸುಮಾರು 40 ಗ್ರಾಂ. ನಿಮ್ಮ 30 ಗ್ರಾಂ ಡಬ್ಬಿ ಅಂದ್ರೆ ಆ ಕಲ್ಲಿನ ಮುಕ್ಕಾಲು ಗಂಟೆ ಕೆಲಸ. ಯಾಕಷ್ಟು ನಿಧಾನ? ಜೋರಾಗಿ ತಿರುಗಿಸಿದ್ರೆ ಕಲ್ಲು ಬಿಸಿಯಾಗಿ ಪರಿಮಳ ಹೋಗುತ್ತೆ ಅಂತ. ಕಲ್ಲು ಬಿಸಿಯಾಗಬಾರದು ಅಂತ ಅವರು ಅಷ್ಟು ಕಾಯ್ತಾರೆ, ನೀವು 100 ಡಿಗ್ರಿ ಸುರೀತೀರಿ!

"ಹೇಗೂ ಪುಡಿ ಪೂರ್ತಿ ಕುಡೀತೀವಲ್ಲ ಸರ್, ಬಿಸಿ ಎಷ್ಟಿದ್ರೇನು?" ಆಹಾ, ವಿಜ್ಞಾನಿ. ನಾಲಿಗೆಗೆ ಗೊತ್ತಾಗೋದು ನೀರಲ್ಲಿ ಕರಗಿದ್ದು. ನೀರು ಬಿಸಿಯಾದಷ್ಟೂ ಕ್ಯಾಟೆಚಿನ್ ಜಾಸ್ತಿ ಕರಗುತ್ತೆ. ಅದೇ ನಿಮ್ಮ ಬೇವಿನ ಸೊಪ್ಪು.

"ಜಪಾನಿನ ಟೀ ಸಮಾರಂಭದಲ್ಲಿ ಕೆಂಡದ ಮೇಲೇ ನೀರು ಇರುತ್ತಲ್ಲ?" ಇರುತ್ತೆ. ಬಿದಿರಿನ ಸೌಟಲ್ಲಿ ತೆಗೆದು ದಪ್ಪ ಬಟ್ಟಲಿಗೆ ಹಾಕ್ತಾರೆ, ಪಕ್ಕದಲ್ಲೇ ಮಿಜುಸಾಶಿ ಅನ್ನೋ ಪಾತ್ರೆಯಲ್ಲಿ ತಣ್ಣೀರು ಬೇರೆ ಇಟ್ಟಿರ್ತಾರೆ. ನಿಮ್ಮ ಮನೇಲಿ ಇರೋದು ಮಿಜುಸಾಶಿನಾ, ಬಿಸ್ಲೇರಿನಾ?

ಬರ್ಕೊಳ್ಳಿ. ಬಟ್ಟಲಿಗೆ ಬಿಸಿನೀರು ಹಾಕಿ, ಚಾಸೆನ್ ಅನ್ನೋ ಬಿದಿರಿನ ಕಡೆಗೋಲಿನ ತುದಿಯನ್ನ ಅದರಲ್ಲೇ ನೆನೆಸಿ. ಒಣ ಕಡ್ಡಿ ಮುರಿಯುತ್ತೆ. ನೀರು ಚೆಲ್ಲಿ ಬಟ್ಟಲು ಒರೆಸಿ, ತೇವ ಇದ್ರೆ ಪುಡಿ ಅಂಟ್ಕೊಳ್ಳುತ್ತೆ. 2 ಗ್ರಾಂ ಪುಡಿ ಜರಡಿ ಹಿಡೀರಿ. ಇದನ್ನ ಬಿಟ್ಟವರಿಗೇ ಗಂಟು ಸಿಗೋದು, ಆಮೇಲೆ ಎಷ್ಟು ಕಡೆದ್ರೂ ಒಡೆಯಲ್ಲ. ನೀರು 70 ಎಂಎಲ್, 80 ಡಿಗ್ರಿ ಮೀರಬಾರದು. ಥರ್ಮಾಮೀಟರ್ ಇಲ್ವಾ? ಕುದಿದ ನೀರನ್ನ ತಣ್ಣಗಿರೋ ಲೋಟಕ್ಕೆ ಹಾಕಿ, ಅಲ್ಲಿಂದ ಇನ್ನೊಂದು ಲೋಟಕ್ಕೆ. ಒಂದೊಂದು ಸಲಕ್ಕೂ ಸುಮಾರು 10 ಡಿಗ್ರಿ ಇಳಿಯುತ್ತೆ. ಕಾಫಿ ಎತ್ತಿ ಎತ್ತಿ ಸುರಿಯೋ ಕೈಗಳಿಗೆ ಇದನ್ನೂ ಹೇಳ್ಕೊಡಬೇಕಾ? ಆಮೇಲೆ ಚಾಸೆನ್ ಹಿಡಿದು ಮಣಿಕಟ್ಟು ಮಾತ್ರ ಹಿಂದೆ-ಮುಂದೆ, 15-20 ಸೆಕೆಂಡು. ಮಜ್ಜಿಗೆ ಕಡೆದ ಹಾಗೆ ಗುಂಡಗೆ ತಿರುಗಿಸಬೇಡಿ, ತಳಕ್ಕೆ ಒತ್ತಲೂ ಬೇಡಿ.

"ಸೆರೆಮೋನಿಯಲ್ ಗ್ರೇಡೇ, ಟೀ ಸಮಾರಂಭದ ದರ್ಜೆದೇ ತಂದಿದ್ದೆ ಸರ್." ಜಪಾನಿನಲ್ಲಿ ಆ ಹೆಸರಿನ ಸರ್ಕಾರಿ ದರ್ಜೆನೇ ಇಲ್ಲ, ಮಾರೋರು ಅಂಟಿಸಿದ ಚೀಟಿ. ಚೀಟಿ ಚಿನ್ನದ್ದೇ ಆಗಿರಲಿ, ಕುದಿಯೋ ನೀರು ಹಾಕಿದ್ರೆ ಕಹಿನೇ.

"ಹಾಲು-ಸಕ್ಕರೆ ಹಾಕಿದ್ರೆ ಸರಿಹೋಗುತ್ತೆ." ಹಾಕಿ, ಏಲಕ್ಕಿನೂ ಹಾಕಿ, ಮೇಲೆ ದ್ರಾಕ್ಷಿ-ಗೋಡಂಬಿ ಉದುರಿಸಿ ಪಾಯಸ ಅಂತ ಬಡಿಸಿ!

ಕುದಿಯೋ! ನೀರು! ಬೇಡ! ಇದನ್ನೇ ಟಿ-ಶರ್ಟ್ ಮೇಲೆ ಹಾಕಿಸ್ತಿದ್ದೀನಿ, ಲಿಂಕ್ ಕೆಳಗಿದೆ. ಮುಂದಿನ ವಾರ ಕೊಯ್ಚಾ, ಅಂದ್ರೆ ಗಟ್ಟಿ ಮಾಚಾ, 4 ಗ್ರಾಂ ಪುಡಿಗೆ 30 ಎಂಎಲ್ ನೀರು, ಕಡೆಯೋದಲ್ಲ, ನಾದೋದು. ಅದಕ್ಕೂ ಕುದಿಯೋ ನೀರೇ ಹಾಕ್ತೀವಿ ಅನ್ನೋರು ಈಗಲೇ ಅನ್‌ಸಬ್‌ಸ್ಕ್ರೈಬ್ ಮಾಡಿ. ಅಯ್ಯೋ, ನಿಜವಾಗ್ಲೂ ಮಾಡ್ಬೇಡ್ರಪ್ಪಾ. ಬೆಲ್ ಒತ್ತಿ.