ನೀರು ತುಂಬಿದ್ರೆ ಕಬ್ಬಿಣ ಮೇಲೇರುತ್ತೆ: ಬ್ಲೈನಾವನ್ ಗೋಪುರದ ಕಥೆ

[ಪರದೆ ಮೇಲೆ: ಬೆಟ್ಟಕ್ಕೆ ಒರಗಿದ ಕಲ್ಲಿನ ಗೋಪುರ]

ಕಳೆದ ವಾರ ಈ ಫೋಟೋ ಹಾಕಿ, ಇದೇನು ಹೇಳಿ ಅಂದಿದ್ದೆ. ಕೋಟೆ ಬುರುಜು ಅಂದ್ರಿ, ಪಾಳುಬಿದ್ದ ಚರ್ಚು ಅಂದ್ರಿ. ಒಬ್ಬರಂತೂ ಜೈಲು ಅಂತ ಬೆಟ್ ಕಟ್ಟೋಕೆ ರೆಡಿ. ಸ್ವಾಮಿ, ಇದು ಲಿಫ್ಟು! 1839ರದ್ದು. ಓಡಿಸೋಕೆ ನೀರು ಸಾಕು.

ಊರು ವೇಲ್ಸ್‌ನ ಬ್ಲೈನಾವನ್. 1789ರಲ್ಲಿ ಮೂವರು ಬಂಡವಾಳಗಾರರು ಕಬ್ಬಿಣದ ಕಾರ್ಖಾನೆ ಶುರು ಮಾಡಿದ್ರು. ಅದಿರು, ಕಲ್ಲಿದ್ದಲು, ಸುಣ್ಣದಕಲ್ಲು ಎಲ್ಲಾ ಅಲ್ಲೇ ಸುತ್ತಮುತ್ತ. ಆ ಕುಲುಮೆಗಳು, ಕೆಲಸಗಾರರ ಮನೆಗಳು ಇವತ್ತೂ ಇವೆ. 2000ದಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದ್ವು. ಪೀಠಿಕೆ ಮುಗೀತು, ಲಿಫ್ಟ್ ಹತ್ತೋಣ.

ಕುಲುಮೆಗಳನ್ನ ಬೆಟ್ಟಕ್ಕೆ ಒತ್ತಿ ಕಟ್ಟಿದ್ರು. ಮೇಲ್ಗಡೆ ನಿಂತು ಅದಿರನ್ನ ಕುಲುಮೆ ಬಾಯಿಗೇ ಸುರೀಬಹುದಲ್ಲ, ಅದಕ್ಕೆ. ಆದ್ರೆ ಕಬ್ಬಿಣ ಕರಗಿ ಹೊರಗೆ ಬರೋದು ಕೆಳಗೆ. ಅದನ್ನ ಸರಕಿನ ದೋಣಿ ಓಡೋ ಕಾಲುವೆ ಕಡೆಗೆ ಸಾಗಿಸೋ ಕುದುರೆ ಟ್ರಾಮಿನ ಹಳಿ ಇರೋದು ಮೇಲೆ. ಈಗೇನ್ಮಾಡೋದು?

ಅಜ್ಜಿ ಮನೆ ಬಾವಿ ನೆನಪಿಸ್ಕೊಳ್ಳಿ. ಒಂದೇ ರಾಟೆ, ಹಗ್ಗದ ಎರಡೂ ತುದಿಗೆ ಒಂದೊಂದು ಕೊಡ. ಒಂದು ಇಳಿದ್ರೆ ಇನ್ನೊಂದು ಏರುತ್ತೆ. ಇಲ್ಲಿ ಕೊಡದ ಜಾಗದಲ್ಲಿ ಎರಡು ತೊಟ್ಟಿಲು, ಒಂದೊಂದರ ಅಡಿಯಲ್ಲೂ ನೀರಿನ ತೊಟ್ಟಿ. ಕೆಳಗಿರೋ ತೊಟ್ಟಿಲಿಗೆ ಕಬ್ಬಿಣ ತುಂಬಿದ ಗಾಡಿ ತಳ್ಳಿ, ಮೇಲಿನ ತೊಟ್ಟಿಗೆ ನೀರು ಬಿಡೋದು. ನೀರಿನ ತೂಕ ಜಾಸ್ತಿ ಆಯ್ತಾ? ಅದು ಇಳಿಯುತ್ತೆ, ಕಬ್ಬಿಣ ಏರುತ್ತೆ. ಕೆಳಗೆ ಬಂದ ತೊಟ್ಟಿ ಖಾಲಿ ಮಾಡಿ, ಮತ್ತೆ ಮೊದಲಿಂದ.

ನನಗೆ ಇದು ತಲೆಗೆ ಹೋದಾಗ ರಾತ್ರಿ ಹನ್ನೊಂದೂವರೆ. ಅಡುಗೆಮನೇಲಿ ಎರಡು ಚೊಂಬು ತಗೊಂಡು, ಹಗ್ಗವನ್ನ ಬಾಗಿಲ ಮೇಲಿನ ಸರಳಿಗೆ ಇಳಿಬಿಟ್ಟು ಪ್ರಯೋಗ ಮಾಡಿದೆ. ಲಿಫ್ಟ್ ಕೆಲಸ ಮಾಡ್ತು. ನೆಲ ಒರೆಸಿದ್ದೂ ನಾನೇ.

ಮೋಟಾರಿಗೆ ಬಿಲ್ ಕಟ್ಟೋ ನಮ್ಮ ಅಪಾರ್ಟ್‌ಮೆಂಟ್ ಸಂಘ ಇದನ್ನ ನೋಡ್ಲೇಬೇಕು. ಆದ್ರೆ ಒಂದು ಷರತ್ತು: ಮೇಲ್ಗಡೆ ನೀರು ತಾನಾಗೇ ಇರಬೇಕು. ವೇಲ್ಸ್ ಬೆಟ್ಟದಲ್ಲಿ ಮಳೆಗೇನೂ ಬರ ಇಲ್ಲ. ಬೆಂಗಳೂರಲ್ಲಿ ಮೊದಲು ಟ್ಯಾಂಕರ್ ಕರೀಬೇಕು.

[ಎಡಿಟರ್ ವಾಚ್ ತೋರಿಸ್ತಾನೆ]

ಸರಿ ಸರಿ, ಉಳಿದಿದ್ದು ಓಡ್ತಾ ಹೇಳ್ತೀನಿ. ಪಕ್ಕದಲ್ಲೇ ಸ್ಟ್ಯಾಕ್ ಸ್ಕ್ವೇರ್, ಕೆಲಸಗಾರರ ಮನೆಸಾಲು. ಆ ಮನೆಗಳ ಅಂಗಳದ ನಟ್ಟನಡುವೆ ಕಂಪನಿಯವರು ಇಂಜಿನ್ ಹೊಗೆಗೆ ದೊಡ್ಡ ಚಿಮಣಿ ಎಬ್ಬಿಸಿದ್ರು. ಬಟ್ಟೆ ಒಣಗಿಸೋರನ್ನ ಕೇಳಿದ ಹಾಗೆ ಕಾಣಲ್ಲ. ಈಗ ಅದರ ಬುಡ ಮಾತ್ರ ಉಳಿದಿದೆ.

ಸಿಡ್ನಿ ಗಿಲ್‌ಕ್ರಿಸ್ಟ್ ಥಾಮಸ್ ಅಂತ ಲಂಡನ್ನಿನ ಕೋರ್ಟ್ ಗುಮಾಸ್ತ. ಬ್ಲೈನಾವನ್ ಕಾರ್ಖಾನೇಲಿ ಕೆಮಿಸ್ಟ್ ಆಗಿದ್ದ ತನ್ನ ಕಸಿನ್ ಜೊತೆ ಸೇರಿ, 1870ರ ದಶಕದಲ್ಲಿ ರಂಜಕ (ಫಾಸ್ಫರಸ್) ಇರೋ ಅದಿರಿಂದಲೂ ಒಳ್ಳೇ ಉಕ್ಕು ಮಾಡೋ ದಾರಿ ಕಂಡುಹಿಡಿದ. ಇದು ಇನ್ನೊಂದು ವಿಡಿಯೋ, ಖಂಡಿತ ಮಾಡ್ತೀನಿ.

ಕಾರ್ಖಾನೆ ಯಜಮಾನರು ಕಟ್ಟಿಸಿದ ಸೇಂಟ್ ಪೀಟರ್ಸ್ ಚರ್ಚಲ್ಲಿ ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸೋ ಬಟ್ಟಲು ಇದೆ. ಅದೂ ಎರಕದ ಕಬ್ಬಿಣದ್ದೇ. ನೋಡಿ, ಫೋಟೋ.

[ಪರದೆ ಮೇಲೆ: ಕಬ್ಬಿಣದ ಬಟ್ಟಲು]